ಸಕ್ಕುಬಾಯಿ ಮಾಡದ ಉಪವಾಸ

ಕಬ್ಬೂರಿನಿಂದ ಚಿಕ್ಕೋಡಿಯ ದಾರಿ ಹಿಡಿದರೆ ಕಬ್ಬಿನ ತೋಟಗಳ ನಡುವೆ ಇಪ್ಪತ್ತೊಂದು ಮನೆಗಳ ಒಂದು ವಸ್ತಿ ಇತ್ತು. ಸುತ್ತಲಿನ ಜನ ಅದಕ್ಕೆ ಸಿಲುಬಿ ವಸ್ತಿ ಅನ್ನುತ್ತಿದ್ದರು. ಇಪ್ಪತ್ತೊಂದರಲ್ಲಿ ಹದಿನೆಂಟು ಮನೆಯವರು ಅಜ್ಜಂದಿರ ಕಾಲದಿಂದ ಕಥೋಲಿಕರು. ಉಳಿದ ಮೂರು ಮನೆ ಕುರಿ ಸಾಕುವವರವು. ಹದಿನೆಂಟು ಮನೆಯವರಿಗೂ ಎರಡೆರಡು ಹೆಸರು. ಒಂದು ಜ್ಞಾನಸ್ನಾನದ ದಫ್ತರಕ್ಕೆ, ಇನ್ನೊಂದು ಕೂಗುವುದಕ್ಕೆ. ಸಕ್ಕುಬಾಯಿಯ ಹೆಸರು ದಫ್ತರದಲ್ಲಿ ಸಿಸಿಲಿಯಾ. ಆ ಹೆಸರಿನಿಂದ ಕೂಗಿದರೆ ಅವಳಿರಲಿ, ಅವಳ ನಾಯಿಯೂ ತಿರುಗಿ ನೋಡುತ್ತಿರಲಿಲ್ಲ.

ವಸ್ತಿಯ ಪಕ್ಕದಲ್ಲೇ ಇದ್ದ ಸಿಸ್ಟರುಗಳ ಬೋರ್ಡಿಂಗಿನಲ್ಲಿ ರೊಟ್ಟಿ ಬಡಿಯುವುದು ಅವಳ ಕೆಲಸ. ದಿನಕ್ಕೆ ನೂರಿಪ್ಪತ್ತು ಜೋಳದ ರೊಟ್ಟಿ. ಕೈ ಹೇಗೆ ಜೋರೋ ಬಾಯಿಯೂ ಹಾಗೇ. ಬಡಿಯುತ್ತಲೇ ಬೈಯುವಳು, ಬೈಯುತ್ತಲೇ ನಗುವಳು, ಮೊದಲ ಬಿಸಿ ರೊಟ್ಟಿಗೆ ಕೆಂಪು ಚಟ್ನಿ, ಎಣ್ಣೆ ಸವರಿಕೊಂಡು ನಿಂತಲ್ಲೇ ತಿಂದು ಮುಗಿಸುವಳು. ತಪಸ್ಸುಕಾಲ ಬಂದರೆ ಮಾತ್ರ ಅವಳ ಮುಖ ಸಣ್ಣಗಾಗುತ್ತಿತ್ತು. ನಲವತ್ತು ದಿನ ಮಾಂಸವಿಲ್ಲ, ಶುಕ್ರವಾರಕ್ಕೊಮ್ಮೆ ಒಪ್ಪೊತ್ತು. "ಯೇಸುಸ್ವಾಮಿ ನಲವತ್ತ ದಿನ ಉಪಾಸ ಇದ್ದದ್ದ ಖರೆ, ಆದರ ಅವಂಗ ನೂರಾ ಇಪ್ಪತ್ತ ರೊಟ್ಟಿ ಬಡಿಯೂದಿತ್ತೇನ್?" ಅನ್ನುವಳು. ಕೇಳಿದ ಸಿಸ್ಟರು ಕಿವಿ ಮುಚ್ಚಿಕೊಂಡು ಹೊರಗೆ ಹೋಗಿ ನಗುತ್ತಿದ್ದರು.

ಇಂಥವಳು ಎಂಬತ್ತೆಂಟನೆಯ ಇಸವಿಯ ತಪಸ್ಸುಕಾಲದಲ್ಲಿ ಉಣ್ಣುವುದನ್ನೇ ಬಿಟ್ಟಳು. ಊರೆಲ್ಲ ಅದಕ್ಕೆ ಭಕ್ತಿ ಎಂದು ಹೆಸರಿಟ್ಟಿತು. ಮಂದಿಗೆ ಹೆಸರಿಡುವುದೊಂದು ಬಿಟ್ಟರೆ ಬೇರೇನು ಬರುತ್ತದೆ?

ಅವಳಿಗೆ ಇದ್ದವನು ಒಬ್ಬನೇ ಮಗ, ಜಕ್ಕಪ್ಪ. ಇಪ್ಪತ್ತೆರಡರ ಹುಡುಗ; ದೊಡ್ಡ ತೋಟದವರ ಟ್ರ್ಯಾಕ್ಟರಿನಲ್ಲಿ ಕಬ್ಬು ಹೊಡೆಯುತ್ತಿದ್ದ. ಫೆಬ್ರವರಿಯ ಒಂದು ಸೋಮವಾರ ಮಧ್ಯಾಹ್ನ ಕಾಲುವೆಯ ಇಳಿಜಾರಿನಲ್ಲಿ ಟ್ರೇಲರು ಹೊರಳಿತು. ಕಬ್ಬಿನ ರಾಶಿಯನ್ನು ತೆಗೆದು ನೋಡುವ ಹೊತ್ತಿಗೆ ಹುಡುಗ ಹೋಗಿಬಿಟ್ಟಿದ್ದ. ಚಿಕ್ಕೋಡಿಯ ಸರಕಾರಿ ದವಾಖಾನೆಯಿಂದ ಹೆಣ ಬರುವುದಕ್ಕೆ ಮಂಗಳವಾರ ಸಂಜೆಯಾಯಿತು. ಅವಸರದಲ್ಲಿ ಮಣ್ಣು ಮಾಡಿದರು. ಹೆಂಗಸರು ಎದೆ ಬಡಿದುಕೊಂಡು ಹಾಡಿ ಹಾಡಿ ಅತ್ತರು. ಸಕ್ಕುಬಾಯಿಗೆ ಅಳು ಬರಲಿಲ್ಲ. ಎಲ್ಲರ ಬಾಯಿ ಅಲುಗುವುದು ಕಾಣುತ್ತಿತ್ತು. ಏನು ಹೇಳುತ್ತಿದ್ದಾರೆ ಎಂಬುದು ಒಳಗೆ ಇಳಿಯುತ್ತಿರಲಿಲ್ಲ. ಗಂಡ ಧೂಳಪ್ಪ ಅವಳ ಕೈಯಲ್ಲಿ ಒಂದು ಹಿಡಿ ಮಣ್ಣು ಇಟ್ಟ. ಅದನ್ನು ಕುಣಿಯೊಳಗೆ ಹಾಕಬೇಕೆಂದು ಹೊಳೆಯದೆ ಹಾಗೇ ಹಿಡಿದುಕೊಂಡು ಮನೆಗೆ ಬಂದಳು.

ಈಗ ಒಂದು ಪದ್ಧತಿ ಹೇಳಬೇಕು. ಆ ಭಾಗದಲ್ಲಿ, ಯಾವ ಜಾತಿ ಯಾವ ಧರ್ಮವೇ ಇರಲಿ, ಸಾವಾದ ಮನೆಯಲ್ಲಿ ಮೂರು ದಿನ ಒಲೆ ಹಚ್ಚುವುದಿಲ್ಲ. ನೆರೆಯವರು ಬುತ್ತಿ ತರುತ್ತಾರೆ. ತಂದು ಇಟ್ಟು ಹೋದರೆ ಆಗಲಿಲ್ಲ. ಹಿರಿಯ ಹೆಂಗಸೊಬ್ಬಳು ಹೆತ್ತವಳ ಎದುರು ಕೂತು, ಬ್ಯಾಡ ಬ್ಯಾಡ ಅಂದರೂ ಬಿಡದೆ ಮೊದಲ ತುತ್ತನ್ನು ತನ್ನ ಕೈಯಿಂದ ಅವಳ ಬಾಯಿಗೆ ಇಡಬೇಕು. ಅದಕ್ಕೆ ತುತ್ತು ಇಡುವುದು ಅನ್ನುತ್ತಾರೆ. ಅಲ್ಲಿಯ ತನಕ ಹೆತ್ತವಳು ಉಣ್ಣುವುದಿಲ್ಲ. ತಾನಾಗಿ ಉಂಡಳೋ, ಮಗನನ್ನು ಮಣ್ಣಿಗಿಟ್ಟು ಬಂದು ರೊಟ್ಟಿ ಮುರಿದಳು ಎಂಬ ಮಾತು ಅವಳು ಸಾಯುವವರೆಗೂ ಬೆನ್ನು ಬಿಡುವುದಿಲ್ಲ.

ಮಂಗಳವಾರ ಎಲ್ಲರೂ ಬರೀ ಚಹಾ ಕುಡಿದು ಮಲಗಿದರು. ಮರುದಿನ ತುತ್ತು ಇಡುವ ಪಾಳಿ ಪಕ್ಕದ ಮನೆಯ ಕಸ್ತೂರೆವ್ವನದು. ಗುಡಿಯ ಹೆಂಗಸರಿಗೆಲ್ಲ ಅವಳೇ ಮುಂದಾಳು. ಜಪಸರ ಶುರುಮಾಡುವವಳೂ ಅವಳೇ, ತಡವಾಗಿ ಬಂದವರನ್ನು ಕಣ್ಣಲ್ಲೇ ಸುಡುವವಳೂ ಅವಳೇ. ರೊಟ್ಟಿ, ಪುಂಡಿಪಲ್ಯ, ಮೊಸರು ಮಾಡಿ, ಮೇಲೆ ಬಟ್ಟೆ ಮುಚ್ಚಿ ಹೊಸ್ತಿಲ ತನಕ ಬಂದಳು. ಬಂದವಳು ಹಣೆ ಮುಟ್ಟಿಕೊಂಡಳು. ತಪಸ್ಸುಕಾಲ ಶುರುವಾಗುವ ದಿನವೆಂದು ಹಣೆಯ ಮೇಲೆ ಬೆಳಗಿನ ಪೂಜೆಯಲ್ಲಿ ಹಚ್ಚಿಸಿಕೊಂಡ ಬೂದಿ ಇತ್ತು.

"ಅಯ್ಯ, ಇವತ್ತ ಬೂದಿ ಬುಧವಾರ ಅಲ್ಲೇನ! ಹೊಟ್ಟಿ ತುಂಬ ಉಣ್ಣಿಸಿ ಪಾಪಾ ಕಟಗೊಳ್ಳಲೇನ? ನಾಳಿ ಇಡ್ತೀನಿ ತಗೋ ಧೂಳಪ್ಪಣ್ಣ," ಎಂದು ಬುತ್ತಿಯನ್ನು ಹಿಂದಕ್ಕೆ ಒಯ್ದಳು.

ಕೆಟ್ಟ ಮನಸ್ಸಿನಿಂದಲ್ಲ. ಕಸ್ತೂರೆವ್ವನ ಲೆಕ್ಕದಲ್ಲಿ ದೇವರ ಮಾತು ಊರ ಮಾತಿಗಿಂತ ದೊಡ್ಡದು. ಆದರೆ ಗುರುವಾರ ಅವಳು ಮತ್ತೆ ಬುತ್ತಿ ತಂದಾಗ ಸಕ್ಕುಬಾಯಿ ಮನೆಯಲ್ಲಿರಲಿಲ್ಲ. ನಸುಕಿನಲ್ಲೇ ಎದ್ದು ಬೋರ್ಡಿಂಗಿಗೆ ಹೋಗಿ ರೊಟ್ಟಿ ಬಡಿಯುತ್ತ ಕೂತಿದ್ದಳು. ಸಿಸ್ಟರು ಬೇಡವೆಂದರೂ ಏಳಲಿಲ್ಲ. ಕೈ ಅಲುಗುತ್ತಿದ್ದರೆ ತಲೆ ಖಾಲಿ ಇರುತ್ತಿತ್ತು. ಮನೆಯಲ್ಲಿ ಉಂಡಿರಬೇಕೆಂದು ಸಿಸ್ಟರುಗಳು ತಿಳಿದರು, ಬೋರ್ಡಿಂಗಿನಲ್ಲಿ ಉಂಡಿರಬೇಕೆಂದು ಕಸ್ತೂರೆವ್ವ ತಿಳಿದಳು. ಮೂರನೆಯ ದಿನ ಶುಕ್ರವಾರ, ಮತ್ತೆ ಒಪ್ಪೊತ್ತು. ಅಲ್ಲಿಗೆ ಮೂರು ದಿನ ಮುಗಿದವು, ಮನೆಯಲ್ಲಿ ಒಲೆ ಹತ್ತಿತು, ಸಕ್ಕುಬಾಯಿಯ ಬಾಯಿಗೆ ಯಾರೂ ತುತ್ತು ಇಡಲಿಲ್ಲ.

ಮೊದಲ ವಾರ ಹಸಿವು ಬಂತು, ಹೋಯಿತು. ಆಮೇಲೆ ಬರುವುದನ್ನೂ ಬಿಟ್ಟಿತು. ಬಡಿದ ರೊಟ್ಟಿಯ ವಾಸನೆ ಮೂಗಿಗೆ ತಟ್ಟುತ್ತಿರಲಿಲ್ಲ. ಹಾಲಿಲ್ಲದ ಚಹಾ, ಒಂದು ವಾಟಗ ಅಂಬಲಿ, ಇಷ್ಟರ ಮೇಲೆ ದಿನ ಕಳೆದವು. ಒಮ್ಮೆ ರೊಟ್ಟಿ ಮುರಿದು ಬಾಯಲ್ಲಿಟ್ಟುಕೊಂಡಳು. ಅದು ಅಲ್ಲೇ ಕೂತಿತು. ನುಂಗುವುದು ಹೇಗೆಂಬುದೇ ಮರೆತಂತಾಗಿ ಹಿತ್ತಲಿಗೆ ಹೋಗಿ ಉಗುಳಿ ಬಂದಳು. ದುಃಖವೇ ಎಂದು ಕೇಳಿದರೆ ದುಃಖವೂ ಅಲ್ಲ. ಮಗ ಸತ್ತಿದ್ದಾನೆ ಎಂಬುದು ಗೊತ್ತಿತ್ತು, ಮಾರ್ಚ್ ತಿಂಗಳು ಬಂದಿದೆ ಎಂಬುದು ಗೊತ್ತಿದ್ದ ಹಾಗೆ.

ಧೂಳಪ್ಪ ಅವಳಿಗೆ ಬೆನ್ನು ತಿರುಗಿಸಿ ಕೂತು ಉಣ್ಣುತ್ತಿದ್ದ. ತನಗೆ ಹಸಿವಾಗುತ್ತದಲ್ಲ ಎಂದು ಅವನಿಗೆ ನಾಚಿಕೆ. "ನೀನೂ ಒಂದ ಚೂರ..." ಅನ್ನುವನು. ಅವಳು ಅಲ್ಲಾಡದಿದ್ದರೆ ತಾನೇ ಬೇಗ ಬೇಗ ಉಂಡು ಏಳುವನು. ಹೆಂಡತಿ ದೇವರಿಗೆ ಏನೋ ಹರಕೆ ಹೊತ್ತಿದ್ದಾಳೆ, ನಡುವೆ ಬಾಯಿ ಹಾಕಿ ಕೆಡಿಸಿದರೆ ಮಗನ ಆತ್ಮಕ್ಕೆ ತೊಂದರೆ ಎಂದು ಅವನ ಭಯ. ಬಡಪಾಯಿಯ ತಲೆಗೆ ಅದಕ್ಕಿಂತ ಮುಂದೆ ಹೋಗಲಿಲ್ಲ.

ತಪಸ್ಸುಕಾಲದ ಶುಕ್ರವಾರಗಳಲ್ಲಿ ಆ ವಸ್ತಿಯಲ್ಲಿ ಶಿಲುಬೆಯ ಹಾದಿ ಮನೆಯಿಂದ ಮನೆಗೆ ಸಾಗುತ್ತಿತ್ತು. ಯೇಸು ಶಿಲುಬೆ ಹೊತ್ತು ನಡೆದ ಹದಿನಾಲ್ಕು ಸ್ಥಳಗಳಿಗೆ ಹದಿನಾಲ್ಕು ಮನೆ. ಪ್ರತಿ ಮನೆಯ ಕಟ್ಟೆಯ ಮೇಲೆ ಸ್ಟೂಲು, ಅದರ ಮೇಲೆ ಪಟ, ಮುಂದೆ ದೀಪ. ಸಕ್ಕುಬಾಯಿಯ ಮನೆಗೆ ಒಂಬತ್ತನೆಯದು, ಯೇಸು ಮೂರನೆಯ ಸಲ ನೆಲಕ್ಕೆ ಬೀಳುವುದು. ಮಾರ್ಚಿನ ಒಂದು ಶುಕ್ರವಾರ ಸಂಜೆ ಐದಕ್ಕೆ ಜನ ಹಾಡುತ್ತ ಬಂದು ಅಂಗಳದ ಮಣ್ಣಿನಲ್ಲಿ ಮೊಣಕಾಲೂರಿದರು. ಪಟ ನೋಡುವ ಬದಲು ಅವಳನ್ನೇ ನೋಡಿದರು. ಬಳೆಗಳು ಮೊಣಕೈ ತನಕ ಏರಿ ಇಳಿಯುತ್ತಿದ್ದವು. ಕುಬಸ ಜೋಲಾಡುತ್ತಿತ್ತು.

"ಮಗನ ಆತ್ಮಕ ಉಪಾಸ ಹಿಡದಾಳ," ಎಂದಳು ಕಸ್ತೂರೆವ್ವ, ಮೆಲ್ಲಗೆ, ಆದರೆ ಹದಿನಾಲ್ಕು ಮನೆಗೂ ಕೇಳುವಷ್ಟು ಮೆಲ್ಲಗೆ. "ನಾವು ಒಂದ ಶುಕ್ರವಾರಕ್ಕ ಹಲ್ಲ ಕಿಸೀತೀವಿ. ಅಕಿನ್ನ ನೋಡಿ ಕಲೀರಿ."

ಅಲ್ಲಿಂದ ಶುರುವಾಯಿತು ನೋಡಿ. ಉಪವಾಸ ಹಿಡಿದವಳ ಪ್ರಾರ್ಥನೆ ಬೇಗ ಮುಟ್ಟುತ್ತದೆ ಎಂದು ಒಬ್ಬೊಬ್ಬರೇ ಬರತೊಡಗಿದರು. ಬಾಳಾಸಾಬನಿಗೆ ಎಮ್ಮೆಯ ಚಿಂತೆ. "ಸಕ್ಕವ್ವಾ, ಎಮ್ಮಿ ಈಯೂ ದಿನಾ ದಾಟೇತಿ. ಒಂದ ಜಪಸರ ಹೇಳವಾ." ಅವಳು "ಹೂಂ" ಅಂದಳು. ಜಪಸರ ಮುಟ್ಟಲೂ ಇಲ್ಲ. ಎಮ್ಮೆ ಮರುದಿನ ಈದಿತು, ಅದೂ ಹೆಣ್ಣುಗರು! ಮುಗಿಯಿತಲ್ಲ ಕತೆ. ರಾಯಬಾಗದ ಕಡೆಯ ನೆಂಟರು ಕೂಡ ಬಂದು ಅವಳ ಕಾಲು ಮುಟ್ಟಿ ಹೋದರು. ಅವಳು ಎಲ್ಲರಿಗೂ ಹೂಂ ಅಂದಳು. ಇದು ಉಪವಾಸವಲ್ಲ, ನನಗೆ ಉಣ್ಣಲು ಆಗುತ್ತಿಲ್ಲ ಎಂದು ಹೇಳುವುದಕ್ಕೆ ಬೇಕಾದ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಅದೂ ಅಲ್ಲದೆ, ಭಕ್ತೆ ಎಂದು ಮಾಡಿಟ್ಟ ಮೇಲೆ ಯಾರೂ ಹತ್ತಿರ ಕೂತು ಮಗನ ಮಾತು ಎತ್ತುತ್ತಿರಲಿಲ್ಲ. ಅಷ್ಟಾದರೂ ಹಗುರ.

ಭಾನುವಾರದ ಪ್ರಸಂಗದಲ್ಲಿ ಫಾದರು ಕೂಡ ಆ ಮಾತು ಆಡಿದರು. ಮಂಗಳೂರ ಕಡೆಯವರು, ವಯಸ್ಸು ಸಣ್ಣದು, ಮನಸ್ಸು ಒಳ್ಳೆಯದು. ಹೆಸರು ಹೇಳದೆ, "ನಮ್ಮ ನಡುವೆಯೇ ಒಬ್ಬ ತಾಯಿ ತನ್ನ ದುಃಖವನ್ನು ತಪಸ್ಸಾಗಿ ಮಾಡಿಕೊಂಡಿದ್ದಾರೆ" ಎಂದರು. ಎಲ್ಲರೂ ತಿರುಗಿ ನೋಡಿದರು. ಸಕ್ಕುಬಾಯಿ ಕೂತಲ್ಲೇ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು. ಧ್ಯಾನವೆಂದುಕೊಂಡರು. ತಲೆ ತಿರುಗಿ ಬಿದ್ದಿದ್ದಳು ಅಷ್ಟೇ.

ಕಣ್ಣಿಗೆ ಪರೆ ಇಲ್ಲದವಳು ಒಬ್ಬಳೇ, ಕುರಿಯವರ ತಾರವ್ವ. ತಪಸ್ಸುಕಾಲವೂ ಗೊತ್ತಿಲ್ಲ, ಅದರ ಕೊನೆಗೆ ಯೇಸು ಸಾವಿನಿಂದ ಎದ್ದು ಬರುವ ಪಾಸ್ಖವೂ ಗೊತ್ತಿಲ್ಲ. ಮರಿ ಸತ್ತ ಕುರಿ ಮೇವು ಬಿಡುವುದು ಗೊತ್ತಿತ್ತು. ಒಂದು ದಿನ ಮಜ್ಜಿಗೆಯ ತಂಬಿಗೆ ಹಿಡಿದು ಬಂದವಳು ಸಕ್ಕುಬಾಯಿಯ ತೋಳು ಹಿಡಿದು ನೋಡಿ, ಸೀದಾ ಕಸ್ತೂರೆವ್ವನ ಅಂಗಳಕ್ಕೆ ಹೋದಳು.

"ಇದ್ಯಾವ ಉಪಾಸಬೇ ನಿಮ್ದು? ಅಕಿ ಸಾಯಾಕತ್ತಾಳ. ಮಗನ ಬೆನ್ನ ಹತ್ತಿ ಹೊಂಟಾಳ. ಕಣ್ಣ ಕಾಣಸ್ತಾವಿಲ್ಲೋ?"

"ನಿನಗ ನಮ್ಮ ಧರ್ಮ ತಿಳಿಯೂದಿಲ್ಲ ತಾರವ್ವ, ಸುಮ್ನಿರು. ಪಾಸ್ಖ ಆದ ದಿನಾ ಅಕಿ ತಾನ ಉಣತಾಳ."

"ಪಾಸ್ಖ ಅಂದ್ರ ಯಾವಾಗ?"

"ಇನ್ನ ಹದಿನೈದ ದಿನ."

"ಅಷ್ಟ ದಿನ ಇದ್ದರ ನನ್ನ ಮುಂದ ಬಂದ ಹೇಳ," ಎಂದು ತಾರವ್ವ ನೆಲಕ್ಕೆ ಉಗುಳಿ ಹೋದಳು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಆ ವಾರವೆಲ್ಲ ಕಸ್ತೂರೆವ್ವ ಅವಳ ಜೊತೆ ಮಾತು ಬಿಟ್ಟಳು. ತಾರವ್ವ ದಿನಕ್ಕೆರಡು ಸಲ ಬಂದು ಮೂಗು ಹಿಡಿದಾದರೂ ಮಜ್ಜಿಗೆ ಸುರಿದು ಹೋದಳು. ಜೀವ ಉಳಿದದ್ದು ಅದರಿಂದ.

ಗರಿಗಳ ಭಾನುವಾರ ಹೋಯಿತು. ಶುಭ ಶುಕ್ರವಾರ ಹೋಯಿತು. ಆ ದಿನ ಗಂಟೆ ಬಾರಿಸುವಂತಿಲ್ಲ. ಮರದ ಗಿಲಕಿಯನ್ನು ಕಟಕಟ ಅನ್ನಿಸುತ್ತ ಜನರನ್ನು ಕರೆದರು. ಸಕ್ಕುಬಾಯಿ ಎಲ್ಲರ ಹಿಂದೆ ನಿಂತು ಸಾಲಿನಲ್ಲಿ ಸರಿದು ಶಿಲುಬೆಗೆ ಮುತ್ತಿಟ್ಟಳು. ತುಟಿಗೆ ಮರ ತಗುಲಿತು. ಮರ ಎಂದಷ್ಟೇ ತಿಳಿಯಿತು.

ಶನಿವಾರ ಮಧ್ಯಾಹ್ನ ಆ ವಸ್ತಿಯವರು ಮಾಡುತ್ತಿದ್ದ ಕೆಲಸವನ್ನು ಬೇರೆ ಎಲ್ಲೂ ಮಾಡಿದ್ದನ್ನು ಯಾರೂ ಕಂಡಿಲ್ಲ. ಅವರ ಅಜ್ಜಿಯರು ಹಾಕಿಕೊಟ್ಟದ್ದು. ಶುಕ್ರವಾರ ಮಗ ಸತ್ತ, ಗವಿಯಲ್ಲಿಟ್ಟು ಬಂದರು. ಹಾಗಾದರೆ ಶನಿವಾರ ಯೇಸುವಿನ ತಾಯಿ ಮರಿಯಮ್ಮನ ಮನೆ ಸಾವಿನ ಮನೆ ತಾನೇ? ಸಾವಿನ ಮನೆಯಲ್ಲಿ ಒಲೆ ಹಚ್ಚುತ್ತಾರೆಯೇ? ಹಾಗೆಂದು ಹೆಂಗಸರೆಲ್ಲ ಬುತ್ತಿ ಕಟ್ಟಿಕೊಂಡು ಗುಡಿಗೆ ಬಂದು, ನೇರಳೆ ಬಟ್ಟೆ ಮುಚ್ಚಿದ ಮರಿಯಮ್ಮನ ಮೂರ್ತಿಯ ಸುತ್ತ ನೆಲದ ಮೇಲೆ ಕೂರುತ್ತಿದ್ದರು. ಒಬ್ಬಳು ಎದ್ದು ತುತ್ತು ಮಾಡಿ ಮರಿಯಮ್ಮನ ಬಾಯಿಯ ತನಕ ಒಯ್ದು, ಹೇಳಬೇಕಾದ ಮಾತು ಹೇಳುವಳು. ಫಾದರು ಬಂದ ವರ್ಷ ಇದನ್ನು ನೋಡಿ ಹುಬ್ಬು ಗಂಟಿಕ್ಕಿದ್ದರು. ಈ ವರ್ಷ ಸರಿಯಾಗಿ ಆ ಹೊತ್ತಿಗೆ ಚಿಕ್ಕೋಡಿಯಲ್ಲಿ ಕೆಲಸವಿದೆ ಎಂದು ಸ್ಕೂಟರು ಹತ್ತಿದರು. ಜಾಣರು.

ತುತ್ತು ಒಯ್ಯುವವಳು ಯಾರು ಎಂಬ ಮಾತೇ ಬರಲಿಲ್ಲ. ಆ ವರ್ಷದ ಪುಣ್ಯವತಿ ಸಕ್ಕುಬಾಯಿ. ಕಸ್ತೂರೆವ್ವ ಅವಳ ಕೈಗೆ ತಾಟು ಕೊಟ್ಟಳು. ತಾರವ್ವನೂ ಬಂದಿದ್ದಳು, ಸತ್ತ ಮನೆಗೆ ಹೋಗಲು ಯಾರ ಅಪ್ಪಣೆ ಬೇಕು ಎಂದು ಬಾಗಿಲ ಹತ್ತಿರ ಕುಕ್ಕರಗಾಲಿನಲ್ಲಿ ಕೂತಿದ್ದಳು.

ಸಕ್ಕುಬಾಯಿ ರೊಟ್ಟಿ ಮುರಿದಳು, ಪಲ್ಯ ಸುತ್ತಿದಳು, ಮೊಸರಿನಲ್ಲಿ ಅದ್ದಿದಳು. ತುತ್ತನ್ನು ನೇರಳೆ ಬಟ್ಟೆಯ ತನಕ ಎತ್ತಿದಳು.

"ಉಣ್ಣ ನಮ್ಮವ್ವಾ," ಎಂದಳು. "ಹೋದಾಂವ ಹೋದ..."

ಮುಂದಿನ ಮಾತು ಎಲ್ಲರಿಗೂ ಬಾಯಿಪಾಠ: ಇದ್ದವರು ಉಣ್ಣಬೇಕು, ನೀನು ಉಂಡರೆ ಅವನಿಗೆ ತಂಪು. ಅವಳು ಅದನ್ನು ಹೇಳಲಿಲ್ಲ. ಕೈ ಗಾಳಿಯಲ್ಲೇ ನಿಂತಿತು. ಮೊಸರು ಮುಂಗೈಯಿಂದ ಇಳಿದು ಬಳೆಗೆ ಬಂತು. ಕಸ್ತೂರೆವ್ವ ಹಿಂದಿನಿಂದ ಮಾತು ಎತ್ತಿಕೊಟ್ಟಳು. ಸಕ್ಕುಬಾಯಿ ತಿರುಗಿದಳು.

"ಈಕಿ ಮಗ ಎಲ್ಲಿ ಹೋಗ್ಯಾನ?" ಎಂದಳು. ಧ್ವನಿ ಏರಲಿಲ್ಲ, ನಡುಗಲಿಲ್ಲ. ಬದನೆಕಾಯಿ ಹೇಗೆ ಎಂದು ಸಂತೆಯಲ್ಲಿ ಕೇಳುವ ಧ್ವನಿ. "ನಾಳಿ ಎದ್ದ ಬರ್ತಾನಲ್ಲ. ಒಂದ ರಾತ್ರಿ ಉಪಾಸ ಇದ್ದರ ಈಕಿಗಿ ಏನ ಆಗತೈತಿ? ಈಕಿಗಿ ವರ್ಷಾ ಬುತ್ತಿ ತರ್ತೀರಿ. ನನಗ ಯಾರೂ ತುತ್ತ ಇಡಲಿಲ್ಲ."

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೀ ಇಟ್ಟಿದ್ದೀ ಅಂತ ನಾ ತಿಳಿದೆ, ನೀ ಇಟ್ಟಿದ್ದೀ ಅಂತ ನಾ ತಿಳಿದೆ. ಕಡೆಗೆ ಎಲ್ಲ ಕಣ್ಣುಗಳೂ ಕಸ್ತೂರೆವ್ವನ ಮೇಲೆ ಬಂದು ನಿಂತವು. ಹೊಸ್ತಿಲ ತನಕ ಹೋಗಿ ತಿರುಗಿದ್ದು, ಬಟ್ಟೆ ಮುಚ್ಚಿದ ರೊಟ್ಟಿ ಇನ್ನೂ ಬೆಚ್ಚಗಿದ್ದದ್ದು, ಮರುದಿನ ಬೆಳಿಗ್ಗೆ ಅದನ್ನು ಎಮ್ಮೆಗೆ ಹಾಕಿದ್ದು, ಎಲ್ಲವೂ ಅವಳಿಗೆ ಒಮ್ಮೆಗೇ ನೆನಪಾಯಿತು. ಎಮ್ಮೆಗೆ ಹಾಕಿದೆನಲ್ಲ ತಾಯಿ, ಎಮ್ಮೆಗೆ!

"ನನ್ನ ಕೈ ಸೇದಿ ಹೋಗಲಿ," ಎಂದು ಎದ್ದಳು. ಸಕ್ಕುಬಾಯಿಯ ಕೈಯೊಳಗಿನ ತುತ್ತನ್ನು ತಾನು ತೆಗೆದುಕೊಂಡಳು. ಮರಿಯಮ್ಮನ ಕಡೆ ಒಮ್ಮೆ ನೋಡಿದಳು. "ನೀ ತಡಕೋ ನಮ್ಮವ್ವಾ. ಇಕಿದು ನಲವತ್ತ ದಿನದ್ದ ಬಾಕಿ ಉಳದೈತಿ." ಆಮೇಲೆ ಸಕ್ಕುಬಾಯಿಯನ್ನು ನೆಲಕ್ಕೆ ಕೂರಿಸಿ, ಎದುರು ಕೂತು, ತುತ್ತನ್ನು ಬಾಯಿಗೆ ಒತ್ತಿದಳು.

ಸಕ್ಕುಬಾಯಿ ಹಲ್ಲು ಕಚ್ಚಿದಳು. ಕಸ್ತೂರೆವ್ವ ಗಲ್ಲ ಹಿಡಿದು ಬಿಡಿಸಿದಳು. ತುತ್ತು ಒಳಗೆ ಹೋಯಿತು, ಅಲ್ಲೇ ಕೂತಿತು. ಎಷ್ಟೋ ಹೊತ್ತು ದವಡೆ ಅಲುಗಿತು. ಆಗ ತಾರವ್ವ ಬಾಗಿಲಿನಿಂದ ಎದ್ದು ಬಂದು, ಚೊಚ್ಚಲ ಮರಿಯ ಬಾಯಿಗೆ ಮೊಲೆ ಕೊಟ್ಟು ಗಂಟಲು ಸವರುವ ಹಾಗೆ, ಎರಡು ಬೆರಳಿನಿಂದ ಅವಳ ಗಂಟಲನ್ನು ಮೇಲಿನಿಂದ ಕೆಳಕ್ಕೆ ಸವರಿದಳು. ಇಳಿಯಿತು. ಸುತ್ತ ಕೂತವರು ಅತ್ತರು. ಸಕ್ಕುಬಾಯಿ ಅಳಲಿಲ್ಲ. ಎರಡನೆಯ ತುತ್ತಿಗೆ ಬಾಯಿ ತೆರೆದಳು.

ಮರುದಿನ ಪಾಸ್ಖದ ಗಂಟೆ ಬಾರಿಸಿದಾಗ ಅವಳು ಗುಡಿಗೆ ಹೋಗಲಿಲ್ಲ. ಎದ್ದವನನ್ನು ನೋಡುವ ಮನಸ್ಸು ಅವಳಿಗಿರಲಿಲ್ಲ. ಮುಚ್ಚಿಟ್ಟು ಏನು ಫಲ, ಮುಂದೆಯೂ ಪಾಸ್ಖದ ದಿನ ಅವಳು ಹೋಗಲಿಲ್ಲ. ಬೋರ್ಡಿಂಗಿನಲ್ಲಿ ರೊಟ್ಟಿ ಬಡಿದಳು, ಬೈಗುಳವೂ ಅರ್ಧಮರ್ಧ ಹಿಂದಕ್ಕೆ ಬಂದಿತು, ನಗು ಮಾತ್ರ ಬರಲಿಲ್ಲ. ಉಣ್ಣುವುದನ್ನು ಕೆಲಸದ ಹಾಗೆ ಮಾಡಿದಳು. ರುಚಿ ಹೇಗಿದೆ ಎಂದು ಕೇಳಿದರೆ, "ಹೊಟ್ಟಿಗಿ ಹೋಗೇತಿ" ಅನ್ನುವಳು.

ಮರುವರ್ಷದ ಬೂದಿ ಬುಧವಾರ, ಹಣೆಯ ಮೇಲಿನ ಬೂದಿಯ ಸಮೇತ ಕಸ್ತೂರೆವ್ವ ತಾಟು ಹಿಡಿದು ಬಂದಳು. ತಾನು ಉಪವಾಸ. ಸಕ್ಕುಬಾಯಿ ಉಂಡು ಮುಗಿಸುವ ತನಕ ಎದುರು ಕೂತು, ಖಾಲಿ ತಾಟು ತೆಗೆದುಕೊಂಡು ಹೋದಳು. ಮರುದಿನ ಬಾಳಾಸಾಬನ ಮನೆಯ ತಾಟು. ಅದರ ಮರುದಿನ ಇನ್ನೊಬ್ಬರದು. ತಪಸ್ಸುಕಾಲದ ನಲವತ್ತು ದಿನವೂ, ಹದಿನೇಳು ಮನೆಗಳ ಪಾಳಿ. ಯಾರೂ ಕೂತು ಠರಾಯಿಸಿದ್ದಲ್ಲ. ಧೂಳಪ್ಪ ತೀರಿಕೊಂಡ ವರ್ಷವೂ ತಪ್ಪಲಿಲ್ಲ.

ಆರು ವರ್ಷದ ಮೇಲೆ ಬೇರೆ ಫಾದರು ಬಂದರು. ವಸ್ತಿಯ ಪರಿಚಯವಿನ್ನೂ ಆಗಿರಲಿಲ್ಲ. ಶುಭ ಶುಕ್ರವಾರದ ನಡುಮಧ್ಯಾಹ್ನ ಹಾದು ಹೋಗುತ್ತಿದ್ದವರು, ಕಟ್ಟೆಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಕೂತು ರೊಟ್ಟಿ ತಿನ್ನುತ್ತಿದ್ದ ಮುದುಕಿಯನ್ನು ಕಂಡು ನಿಂತರು. ಅವಳ ಎದುರು ಒಣ ತುಟಿಯ ಕಸ್ತೂರೆವ್ವ ಬೀಸಣಿಗೆ ಹಿಡಿದು ಕೂತಿದ್ದಳು.

"ಅಜ್ಜಿ, ಇವತ್ತು ಯಾವ ದಿನ ಗೊತ್ತುಂಟಲ್ಲ? ಉಪವಾಸ ಇಲ್ಲವಾ?"

ಸಕ್ಕುಬಾಯಿ ಇನ್ನೊಂದು ತುತ್ತು ಮುರಿದಳು. ಕಸ್ತೂರೆವ್ವ ಎದ್ದು ನಿಂತು ಸೆರಗು ಸರಿಮಾಡಿಕೊಂಡಳು. ಫಾದರಿಗೆ ಎದುರಾಡಿದವಳಲ್ಲ ಅವಳು, ಹುಟ್ಟಿದಾಗಿನಿಂದ.

"ಅಕಿಗಿ ಉಣ್ಣಾಕ ಬಿಡ್ರಿ ಫಾದರ," ಎಂದಳು. "ಅಕಿ ಉಪಾಸ ನಮ್ಮ ಮ್ಯಾಲ ಐತಿ."